ಮಣ್ಣಿಗೆ ಬಾರದ ಉಮೇದುವಾರ

ಮನುಷ್ಯನಿಗೆ ಯಾವುದಾದರೂ ಒಂದು ವಿದ್ಯೆ ಕೈಹತ್ತಬೇಕಂತೆ. ಒಬ್ಬರಿಗೆ ಸಂಗೀತ ಹತ್ತುತ್ತದೆ, ಒಬ್ಬರಿಗೆ ವ್ಯಾಪಾರ ಹತ್ತುತ್ತದೆ, ಕೆಲವರಿಗೆ ಸುಳ್ಳು ಹೇಳುವುದು ಹತ್ತುತ್ತದೆ. ನನಗೆ ಹತ್ತಿದ್ದು ಮಣ್ಣಿಗೆ ಹೋಗುವ ವಿದ್ಯೆ. ಸತ್ತವರನ್ನು ಹೂಳುವ ಹೊತ್ತಿಗೆ ಹೋಗಿ, ಒಂದು ಹಿಡಿ ಮಣ್ಣು ಹಾಕಿ ಬರುವುದಕ್ಕೆ ನಮ್ಮ ಇಳಕಲ್ಲಿನ ಕಡೆ ಮಣ್ಣಿಗೆ ಹೋಗುವುದು ಎನ್ನುತ್ತಾರೆ. ಮದುವೆಗೆ ಹೋಗದಿದ್ದರೆ ನಡೆಯುತ್ತದೆ. ಲಗ್ನಪತ್ರಿಕೆ ಮುಟ್ಟಲಿಲ್ಲ ಎಂದರಾಯಿತು. ಮಣ್ಣಿಗೆ ಪತ್ರಿಕೆಯೇ ಇಲ್ಲ, ಆದ್ದರಿಂದ ನೆಪವೂ ಇಲ್ಲ. ಹೋಗದವನನ್ನು ನಮ್ಮವರು ಬೈಯುವುದಿಲ್ಲ, ಜಗಳವಾಡುವುದಿಲ್ಲ. ನೆನಪಿಟ್ಟುಕೊಳ್ಳುತ್ತಾರೆ, ಅಷ್ಟೇ. ಬೈಸಿಕೊಳ್ಳುವುದೇ ಎಷ್ಟೋ ವಾಸಿ.

ಆಗ ನಾನು ಒಂದು ಸೀರೆ ಅಂಗಡಿಯ ಪರವಾಗಿ ಊರೂರು ತಿರುಗುತ್ತಿದ್ದೆ. ಸೋಮವಾರ ಬಾಗಲಕೋಟೆ, ಮಂಗಳವಾರ ಬಾದಾಮಿ, ಬರುವಾಗ ಗುಳೇದಗುಡ್ಡ, ಆಮೇಲೆ ಹುನಗುಂದ. ಎಲ್ಲ ಊರಲ್ಲೂ ಪರಿಚಯದ ಅಂಗಡಿಗಳು, ಪರಿಚಯದ ಮನೆಗಳು. ಪರಿಚಯ ಹೆಚ್ಚಾದಷ್ಟೂ ಮಣ್ಣು ಹೆಚ್ಚು. ಹೋಗಿ ಹೋಗಿ ನನಗೆ ಆ ಕೆಲಸದ ಎಲ್ಲ ಒಳಗುಟ್ಟುಗಳೂ ತಿಳಿದಿದ್ದವು. ಎಲ್ಲಿ ನಿಂತರೆ ಮನೆಯವರ ಕಣ್ಣಿಗೆ ಬೀಳುತ್ತೇವೆ ಆದರೆ ಹೆಗಲು ಕೊಡಲು ಯಾರೂ ಕರೆಯುವುದಿಲ್ಲ, ಯಾವ ವಯಸ್ಸಿನವರು ಸತ್ತರೆ ಯಾವ ಮಾತು ಆಡಬೇಕು, ಎಲ್ಲವೂ ಬಾಯಿಪಾಠ. ಮುದುಕರಾದರೆ, "ಪುಣ್ಯಾತ್ಮರು, ಕೈಕಾಲು ಆಡೂದ್ರಾಗ ಹೋದ್ರು." ನಡುವಯಸ್ಸಿನವರಾದರೆ, "ಇದೇನ್ ಹೋಗೂ ವಯಸ್ಸಲ್ಲ ಬಿಡ್ರಿ." ಅದಕ್ಕಿಂತ ಚಿಕ್ಕವರಾದರೆ ಏನೂ ಆಡಬಾರದು, ತಲೆ ಮಾತ್ರ ಅಲ್ಲಾಡಿಸಬೇಕು. ಕುಣಿಯ ಹತ್ತಿರ ನಿಂತಾಗ ಎದೆಗೆ ಏನಾದರೂ ಹತ್ತಿ ಬಂದಂತಾದರೆ ಹದಿನೇಳರ ಮಗ್ಗಿಯನ್ನು ಮನಸ್ಸಿನಲ್ಲೇ ಅನ್ನುತ್ತಿದ್ದೆ. ಹದಿನೇಳರ ಮಗ್ಗಿ ಹೇಳುತ್ತ ಅಳಲು ಯಾವ ಮನುಷ್ಯನಿಗೂ ಸಾಧ್ಯವಿಲ್ಲ ಎಂಬುದು ನನ್ನ ಸ್ವಂತ ಶೋಧ. ಹೀಗೆ ಒಂದು ಹನಿ ಕಣ್ಣೀರನ್ನೂ ಖರ್ಚು ಮಾಡದೆ ನಾಲ್ಕು ಊರಲ್ಲಿ ಒಳ್ಳೆಯ ಮನುಷ್ಯ ಎನ್ನಿಸಿಕೊಂಡಿದ್ದೆ.

ನನಗೆ ತೀರ ವಿರುದ್ಧವಾದ ಮನುಷ್ಯ ನಮ್ಮ ಅಕ್ಕನ ಗಂಡ, ಮಲ್ಲಪ್ಪ ಮಾಮಾ. ಇಳಕಲ್ಲಿನಲ್ಲಿ ನಮ್ಮ ಓಣಿಯ ತುದಿಗೆ ಅವರದೊಂದು ಹಿಟ್ಟಿನ ಗಿರಣಿ. ಹುಬ್ಬು, ಮೀಸೆ, ಕಿವಿಯ ಮೇಲಿನ ಕೂದಲು ಎಲ್ಲ ಸದಾ ಬೆಳ್ಳಗೆ. ಗಿರಣಿಯ ಸದ್ದಿನಲ್ಲಿ ಕೂತು ಕೂತು ಮಾತು ಕಡಿಮೆ, ಆಡಿದರೆ ಗದರಿದಂತೆ. ಜೋಳ ಬೀಸುವುದರಲ್ಲಿ ಮಾತ್ರ ಅವರನ್ನು ಮೀರಿಸುವವರಿರಲಿಲ್ಲ. ಆದರೆ ಅವರು ಯಾರ ಮಣ್ಣಿಗೂ ಹೋಗುತ್ತಿರಲಿಲ್ಲ. ಓಣಿಯಲ್ಲಿ ಯಾರಾದರೂ ಸತ್ತರೆಂದು ತಿಳಿದ ಕೂಡಲೇ ಗಿರಣಿ ಬಂದ್ ಮಾಡಿ, ಬಾಗಿಲು ಹಾಕಿಕೊಂಡು ಒಳಗೇ ಕೂತುಬಿಡುತ್ತಿದ್ದರು. ಹೆಣ ಅದೇ ಬಾಗಿಲ ಮುಂದೆ ಭಜನೆಯೊಂದಿಗೆ ಹೋಗುತ್ತಿತ್ತು. ಬಾಗಿಲು ತೆರೆಯುತ್ತಿರಲಿಲ್ಲ. "ಒಳಗ ಮಲಗ್ಯಾನ ನೋಡು. ಸೊಕ್ಕಂದ್ರ ಸೊಕ್ಕು," ಎಂದು ಓಣಿ ತೀರ್ಮಾನಿಸಿತ್ತು. ಆ ತೀರ್ಮಾನಕ್ಕೆ ಮೇಲ್ಮನವಿ ಇರಲಿಲ್ಲ.

ಓಣಿಯಲ್ಲಿ ನಿಜ ಏನೆಂದು ಗೊತ್ತಿದ್ದವರು ಇಬ್ಬರೇ, ನನ್ನ ಅಕ್ಕ ಗಂಗಕ್ಕ ಮತ್ತು ನಾನು. ಮಾಮಾನ ಊರು ಬೇವೂರು. ಅಲ್ಲಿ ಅವರ ತಂದೆ ತೀರಿಕೊಂಡಾಗ ನಾನೂ ಹೋಗಿದ್ದೆ. ಕುಣಿಯ ಹತ್ತಿರ ಹೋಗುವವರೆಗೆ ಸರಿಯಾಗಿಯೇ ಇದ್ದ ಮಾಮಾ ಮಣ್ಣು ಹಾಕಿ ಎಂದ ಕೂಡಲೇ ಅಳತೊಡಗಿದರು. ಗಂಡಸರು ಅಳುವ ಅಳು ಅಲ್ಲ ಅದು. ಕಣ್ಣೊರೆಸಿಕೊಳ್ಳುವುದು, ಮೂಗು ಎಳೆಯುವುದು, ಇಂಥವೆಲ್ಲ ನಡೆಯುತ್ತವೆ. ಮಾಮಾ ಬಾಯಿ ತೆಗೆದು, ಸಂತೆಯಲ್ಲಿ ತಾಯಿಯ ಕೈ ತಪ್ಪಿದ ಕೂಸಿನ ಹಾಗೆ ಅತ್ತರು. ಬಿಡಿಸಲು ಬಂದವರನ್ನೂ ತಬ್ಬಿಕೊಂಡು ಅತ್ತರು. ಹಿಂದೆ ನಿಂತ ನಾಲ್ಕು ಜನ ಮುಸಿಮುಸಿ ನಕ್ಕರು. ಅವರ ಅಣ್ಣನೇ, "ಸೀರಿ ಉಟ್ಕೊಂಡು ಬರಬೇಕಿತ್ತಲೇ ನೀ," ಎಂದುಬಿಟ್ಟ. ಅಂದಿನಿಂದ ಮಾಮಾ ಮಣ್ಣಿಗೆ ಹೋಗುವುದನ್ನು ಬಿಟ್ಟರು. ಯಾರು ಸತ್ತರೂ, ಗುರುತಿಲ್ಲದವರು ಸತ್ತರೂ, ತನಗೆ ಹಾಗೇ ಆಗುತ್ತದೆ ಎಂದು ಅಕ್ಕನ ಮುಂದೆ ಹೇಳಿದ್ದರಂತೆ. ಗಿರಣಿಯ ಬಾಗಿಲು ಹಾಕಿಕೊಂಡು ಅವರು ಮಲಗುತ್ತಿರಲಿಲ್ಲ, ಅಳುತ್ತಿದ್ದರು. "ಸೊಕ್ಕಿನವ ಅಂದ್ರ ಅನ್ನಲಿ. ಅಳಬುರಕ ಅನ್ನೂದು ಬ್ಯಾಡ," ಎಂದು ಅಕ್ಕನಿಂದ ಆಣೆ ಹಾಕಿಸಿಕೊಂಡಿದ್ದರು, ಅಕ್ಕ ನನ್ನಿಂದ ಹಾಕಿಸಿಕೊಂಡಿದ್ದಳು.

ಇಂಥ ಮನುಷ್ಯ ಒಂದು ದಿನ ಮುನ್ಸಿಪಾಲ್ಟಿ ಇಲೆಕ್ಷನ್ನಿಗೆ ನಿಂತುಬಿಟ್ಟರು. ಆ ಬೇಸಿಗೆಯಲ್ಲಿ ನಮ್ಮ ಓಣಿಯ ನಳಕ್ಕೆ ನೀರೇ ಬರುತ್ತಿರಲಿಲ್ಲ. ಗಿರಣಿಗೆ ಬಂದ ಹೆಂಗಸರು ಬುಟ್ಟಿ ಇಟ್ಟುಕೊಂಡು ದಿನವೂ ಅದನ್ನೇ ಹೇಳಿ ಅಳುತ್ತಿದ್ದರು. ಯಾರಾದರೂ ಸತ್ತರೆ ಮಾಮಾನ ಗತಿ ಏನಾಗುತ್ತದೆ ಎಂಬುದನ್ನು ಈಗಾಗಲೇ ಹೇಳಿದ್ದೇನೆ, ಯಾರಾದರೂ ಅತ್ತರೂ ಅಷ್ಟೇ. "ನಾ ನಿಂತು ನೀರು ತರ್ತೇನಿ," ಎಂದರಂತೆ. ಚಿಹ್ನೆ ತಕ್ಕಡಿ. ಎದುರಾಳಿ ಒಬ್ಬ ಗುತ್ತಿಗೆದಾರ. ನಳಕ್ಕೆ ನೀರು ಬಾರದಿರುವುದಕ್ಕೂ ಆತ ಹಾಕಿಸಿದ ಪೈಪಿಗೂ ಸಂಬಂಧವಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ಆತ ಎಲ್ಲರ ಮಣ್ಣಿಗೂ ಬರುತ್ತಿದ್ದ. ಬರುವುದಷ್ಟೇ ಅಲ್ಲ, ಮೊದಲ ಹೆಗಲು ಅವನದೇ. ನಾನು ಆ ವಿದ್ಯೆಯಲ್ಲಿ ಪ್ರವೀಣನಾದರೆ ಆತ ವಿದ್ವಾಂಸ.

ಗಂಗಕ್ಕ ನನ್ನನ್ನು ಕರೆದು ಅಡಿಗೆಮನೆಯಲ್ಲಿ ಕೂಡಿಸಿದಳು. ರೊಟ್ಟಿ ಬಡಿಯುತ್ತಲೇ ಹೇಳಿದಳು. "ತಮ್ಮಾ, ಅವರು ಆರಿಸಿ ಬರೂದು ನನಗ ಬೇಕಾಗಿಲ್ಲ. ಆದ್ರ ಅವರು ಈ ಓಣ್ಯಾಗ ಗಿರಣಿ ಹಾಕಿದಾಗಿಂದ ಒಂದ ಮಾತು ಕೇಳಕೋತ ಬಂದೇನಿ. ನಿನ್ನ ಗಂಡಗ ಭಾಳ ಸೊಕ್ಕು ಅಂತ. ನಾಕು ಮಂದಿಯಾದ್ರೂ ಒಮ್ಮೆ, ಮಲ್ಲಪ್ಪ ಚಲೋ ಮನಷ್ಯಾ ಅನ್ನಲಿ. ಕಿವಿತುಂಬ ಕೇಳಿ ಸಾಯ್ತೇನಿ."

"ಹಂಗಾದ್ರ ಖರೆ ಮಾತು ಹೇಳಿಬಿಡ್ಲೇನು?"

ಲಟ್ಟಣಿಗೆ ಕೈಯಲ್ಲಿರಲಿಲ್ಲ, ಪುಣ್ಯ. ಹಿಟ್ಟಿನ ಕೈಯಿಂದಲೇ ತೋರಿಸಿದಳು. "ಆಣಿ ಮುರದಿ ಅಂದ್ರ ಈ ಮನಿ ಹೊಸ್ತಿಲ ತುಳೀಬ್ಯಾಡ."

ಹೀಗೆ, ಹೇಳಬೇಕಾದ ಒಂದೇ ಮಾತನ್ನು ಹೇಳದೆ ಮತ ಕೇಳುವ ಕೆಲಸ ನನ್ನ ಕೊರಳಿಗೆ ಬಿತ್ತು. ನಾಲ್ಕು ಊರಲ್ಲಿ ಸೀರೆ ಮಾರುವ ಬಾಯಿ ನನ್ನದು. ಬಣ್ಣ ಬಿಡುವ ಸೀರೆಯನ್ನೂ ಮಾರಿದ್ದೇನೆ. ಮಾಮಾನನ್ನು ಮಾರುವುದೇನು ಮಹಾ ಎಂದುಕೊಂಡೆ.

ನಮ್ಮಂಥ ನೇಕಾರರ ಓಣಿಯಲ್ಲಿ ಮತ ಕೇಳುವುದು ಬೇರೆ ಕಡೆ ಕೇಳಿದಂತಲ್ಲ. ನೇಕಾರ ಮನೆಯೊಳಗೇ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕೂತಿರುತ್ತಾನೆ. ಅವನ ತಲೆ ನಿಮ್ಮ ಮೊಣಕಾಲಿನ ಮಟ್ಟಕ್ಕಿರುತ್ತದೆ. ನಿಂತು ಮಾತಾಡಿದರೆ ಉಪಕಾರ ಮಾಡಲು ಬಂದ ಸಾಹೇಬನ ಹಾಗೆ ಕಾಣುತ್ತೇವೆ. ನೆಲಕ್ಕೆ ಕೂತರೆ ಏಳುವುದು ಕಷ್ಟ. ನಾನು ಕೂಡುತ್ತಿದ್ದೆ. ಚಹಾ ಬರುತ್ತಿತ್ತು. ನಮ್ಮ ಓಣಿಯಲ್ಲಿ ಯಾರೂ ಇಲ್ಲ ಎನ್ನುವುದಿಲ್ಲ. "ನೋಡೂಣಂತ್ರಿ." "ನಿಮ್ಮನ್ನ ಬಿಟ್ಟು ಎಲ್ಲಿ ಹೋಗ್ತೇವ್ರಿ?" "ಆತು ತಗೋರಿ." ಮೊದಲ ಎರಡು ದಿನ ನಾನು ಈ ಮಾತುಗಳನ್ನೆಲ್ಲ ಮತಗಳೆಂದೇ ತಿಳಿದೆ. ಖುಷಿಯಿಂದ ಅಕ್ಕನಿಗೆ ವರದಿ ಒಪ್ಪಿಸಿದೆ. ಆಮೇಲೆ ಗಮನಿಸಿದೆ, ಹೀಗೆನ್ನುವಾಗ ಯಾರ ಮಗ್ಗವೂ ನಿಲ್ಲುತ್ತಿರಲಿಲ್ಲ. ಬಾಯಿ ಆತು ತಗೋರಿ ಅನ್ನುತ್ತಿತ್ತು, ಕೈ ಲಾಳಿ ಎಳೆಯುತ್ತಿತ್ತು, ಕಣ್ಣು ನೂಲಿನ ಮೇಲಿರುತ್ತಿತ್ತು. ಅದೇ ಮನೆಗೆ ಸಾಲ ಕೇಳುವವನು ಬಂದರೂ ಮಗ್ಗ ನಿಲ್ಲುವುದಿಲ್ಲ, ಬೀಗರು ಬಂದರೆ ಮಾತ್ರ ನಿಲ್ಲುತ್ತದೆ. ಮಾಮಾನ ಹೆಸರು ಹೇಳಿದರೆ ಕೆಲವರ ಮಗ್ಗ ಇನ್ನಷ್ಟು ಜೋರಾಗುತ್ತಿತ್ತು.

ನಿಂತದ್ದು ಒಂದೇ ಮಗ್ಗ, ಸಂಗಪ್ಪನದು. ಸಂಗಪ್ಪ ನನ್ನ ಜೊತೆ ಸಾಲೆ ಕಲಿತವನು. ನಾನು ಕೂತು ಮಾಮಾನ ಹೆಸರು ಹೇಳಿದ ಕೂಡಲೇ ಲಾಳಿ ಕೆಳಗಿಟ್ಟ. ಮತ ಸಿಕ್ಕಿತು ಎಂದು ನಾನು ಚಹಾದ ಕಪ್ಪಿಗೆ ಕೈ ಚಾಚಿದೆ.

"ನಮ್ಮಪ್ಪ ಸತ್ತಾಗ ನಿಮ್ಮ ಮಾಮಾ ಎಲ್ಲಿದ್ರು?" ಎಂದ.

"ಗಿರಣ್ಯಾಗ ಕೆಲಸ..."

"ಗಿರಣಿ ಬಂದ್ ಇತ್ತು. ನಮ್ಮಪ್ಪನ್ನ ಅವರ ಬಾಗಲಾ ಮುಂದ ಒಂದು ಗಳಿಗಿ ಇಳಿಸಿದ್ವಿ. ಯಾಕಂದ್ರ ನಮ್ಮಪ್ಪಗ ಮಲ್ಲಪ್ಪ ಅಂದ್ರ ಭಾಳ ಪ್ರೀತಿ. ಹೊರಗ ಬಂದು ಒಂದು ಹೂವಾದ್ರೂ ಹಾಕ್ತಾರೇನೋ ಅಂತ. ಬಾಗಲಾ ತಗೀಲಿಲ್ಲ. ಈಗ ನೀ ಬಂದು ವೋಟು ಕೇಳಾಕತ್ತಿ. ಕೇಳು, ತಪ್ಪಿಲ್ಲ. ಚಾ ಕುಡಿ."

ನನ್ನ ನಾಲಿಗೆಯ ತುದಿಯಲ್ಲಿ ಮಾತಿತ್ತು. ಆ ಮುಚ್ಚಿದ ಬಾಗಿಲಿನ ಹಿಂದೆ ನಿನ್ನ ಅಪ್ಪನಿಗಾಗಿ ನಿನಗಿಂತ ಹೆಚ್ಚು ಅತ್ತವನು ಅವನೇ ಕಣೋ, ಎಂದು. ನುಂಗಿದೆ. ಬದಲಿಗೆ ನಳ, ಪೈಪು, ನೀರು ಎಂದು ಏನೇನೋ ಹೇಳಿದೆ. ಸಂಗಪ್ಪ ಎಲ್ಲವನ್ನೂ ಕೇಳಿ, "ನೀರು ಇವತ್ತಿಲ್ಲಾ ನಾಳೆ ಬರ್ತದ ಬಿಡು," ಎಂದು ಲಾಳಿ ಎತ್ತಿಕೊಂಡ. ಅಪ್ಪನ ಮಣ್ಣು ಮತ್ತೆ ಬರುವುದಿಲ್ಲ ಎಂಬುದು ಆ ಮಾತಿನ ಉಳಿದರ್ಧ.

ಎದ್ದು ಹೊರಟವನನ್ನು ಬಾಗಿಲ ಹತ್ತಿರ ಸಂಗಪ್ಪನ ತಾಯಿ ನೀಲಮ್ಮಾಯಿ ಹಿಡಿದಳು. ಬಿಸಿಲಿಗೆ ಕಾಲು ಚಾಚಿ, ರಾಟಿಯಿಂದ ಲಾಳಿಯ ಕಂಡಿಗೆಗೆ ನೂಲು ಸುತ್ತುತ್ತ ಕೂತಿದ್ದಳು. ಬಾಯಲ್ಲಿ ಒಂದೂ ಹಲ್ಲಿಲ್ಲ, ಆದರೆ ಓಣಿಯ ಅತಿ ಗಟ್ಟಿ ಬಾಯಿ ಅವಳದೇ. ಯಾವ ಮನೆಯ ಕೂಸಿಗೆ ಏನು ಹೆಸರಿಡಬೇಕು ಎಂಬುದರಿಂದ ಹಿಡಿದು ಯಾರು ಯಾರ ಮನೆಗೆ ಹೆಣ್ಣು ಕೇಳಲು ಹೋಗಬೇಕು ಎಂಬುದರವರೆಗೆ ಅವಳದೇ ಮಾತು.

"ಕುಂಡ್ರಿಲ್ಲೆ. ನಿಮ್ಮ ಮಾಮಾ ಚಲೋ ಬೀಸತಾನ. ನನಗ ಹಲ್ಲಿಲ್ಲ ಅಂತ ನನ್ನ ಜ್ವಾಳ ಎರಡು ಸಲ ಹಾಕಿ ಬೀಸಿಕೊಡತಾನ. ಕೇಳಿಲ್ಲ ನಾ, ತಾನ ಮಾಡತಾನ. ಹಂತಾವ ಮಣ್ಣಿಗಿ ಯಾಕ ಬರಂಗಿಲ್ಲೋ?"

ನಾನು ಆಕಾಶ ನೋಡಿದೆ.

"ಒಂದು ಕೆಲಸ ಮಾಡು," ಎಂದಳು. "ನನ್ನ ಮಣ್ಣಿಗಿ ಬರ್ತಾನೇನು ಕೇಳು. ಬರ್ತೇನಿ ಅಂತ ಮಾತು ಕೊಟ್ನಂದ್ರ ಈ ಓಣಿ ವೋಟು ನಾ ಹಾಕಸ್ತೇನಿ. ನನ್ನ ಮಗಂದೂ ಹಾಕಸ್ತೇನಿ."

ಇಂಥ ಕರಾರನ್ನು ಯಾವ ಉಮೇದುವಾರನಾದರೂ ಎದುರಿಸಿದ್ದುಂಟೋ ನನಗೆ ತಿಳಿಯದು. ಮತದಾರರು ರಸ್ತೆ ಕೇಳುತ್ತಾರೆ, ದೀಪ ಕೇಳುತ್ತಾರೆ. ನೀಲಮ್ಮಾಯಿ ತನ್ನ ಹೆಣಕ್ಕೆ ಒಂದು ಹಿಡಿ ಮಣ್ಣು ಕೇಳಿದಳು. ಸಂಜೆ ಇದನ್ನು ಮಾಮಾನ ಮುಂದೆ ಇಟ್ಟೆ. ಅವರು ಸವೆದ ಗಿರಣಿ ಕಲ್ಲಿಗೆ ಉಳಿಯಿಂದ ಟಾಚಿ ಹಾಕುತ್ತ ಕೂತಿದ್ದರು. ಉಳಿ ಕೆಳಗಿಟ್ಟರು. ಅಕ್ಕ ಬಾಗಿಲಿಗೆ ಒರಗಿ ನಿಂತಿದ್ದಳು. ಮಾಮಾ, "ಬರ್ತೇನಿ ಅಂತ ಹೇಳು," ಎಂದರು. "ಆಯಿ ಬಾಯಿಬಿಟ್ಟು ಕೇಳ್ಯಾಳ. ಇಲ್ಲ ಅನ್ನಾಕ ನಾ ಯಾರು."

ನನ್ನ ಲೆಕ್ಕಾಚಾರ ಬೇರೆ ಇತ್ತು. ಇಲೆಕ್ಷನ್ನಿಗೆ ಉಳಿದದ್ದು ಸ್ವಲ್ಪವೇ ದಿನ. ಮುದುಕಿ ಗುಂಡುಕಲ್ಲಿನಂತಿದ್ದಳು. ಈಗ ಮಾತು ಕೊಟ್ಟರೆ ಮತ ಈಗ ಬರುತ್ತದೆ, ಮಣ್ಣು ಎಂದೋ ಬರುತ್ತದೆ. ವ್ಯಾಪಾರದಲ್ಲಿ ಇದಕ್ಕಿಂತ ಒಳ್ಳೆಯ ಗಿರಾಕಿ ಸಿಗುವುದಿಲ್ಲ. ನಿಜಕ್ಕೂ ಮರುದಿನದಿಂದಲೇ ಓಣಿಯ ಗಾಳಿ ತಿರುಗಿತು. ನಾನು ಹೋದಲ್ಲೆಲ್ಲ ಮಗ್ಗ ನಿಲ್ಲತೊಡಗಿದವು. "ಆಯಿ ಹೇಳ್ಯಾಳ್ರಿ," ಎನ್ನುತ್ತಿದ್ದರು. ಅಕ್ಕ ಹೊಸ ಸೀರೆ ಉಟ್ಟುಕೊಂಡು ನೀರಿಗೆ ಹೋಗತೊಡಗಿದಳು.

ನನಗೆ ಮಾತ್ರ ಹೊಸದೊಂದು ಚಿಂತೆ ಅಂಟಿತು. ಬೆಳಿಗ್ಗೆ ಎದ್ದ ಕೂಡಲೇ ನೀಲಮ್ಮಾಯಿ ಇದ್ದಾಳೋ ಇಲ್ಲವೋ ನೋಡುವುದು. ಚಪ್ಪಲಿ ಮೆಟ್ಟಿಕೊಂಡು ಏನೋ ಕೆಲಸವಿದ್ದವನಂತೆ ಅವಳ ಬಾಗಿಲ ಮುಂದೆ ಹಾದುಹೋಗುತ್ತಿದ್ದೆ. ಕಂಡಿಗೆ ಸುತ್ತುತ್ತ ಕೂತಿದ್ದರೆ ಆ ದಿನ ಊಟ ರುಚಿಸುತ್ತಿತ್ತು. ಒಂದು ದಿನ ಕೆಮ್ಮಿದಳು. ನಾನು ಓಡಿಹೋಗಿ ದವಾಖಾನೆಯಿಂದ ಔಷಧಿ ತಂದೆ. ನನ್ನ ಹೆತ್ತ ತಾಯಿ ಬದುಕಿದ್ದಾಗ ಅವಳ ಆರೋಗ್ಯವನ್ನು ಇಷ್ಟು ವಿಚಾರಿಸಿರಲಿಲ್ಲ. ಬಾಗಲಕೋಟೆಯಿಂದ ಬರುವಾಗ ಬಸ್ಸು ಅಮೀನಗಡದಲ್ಲಿ ನಿಂತಿತು. ಮುದುಕಿಗೆ ಶಕ್ತಿ ಬರಲೆಂದು ಕರದಂಟು ತಂದುಕೊಟ್ಟೆ. ಹಲ್ಲಿಲ್ಲದವಳಿಗೆ ಅಂಟಿನ ಉಂಡೆ! ಅವಳು ಅದನ್ನು ಬಾಯಲ್ಲಿಟ್ಟುಕೊಂಡು ಮುಸ್ಸಂಜೆಯವರೆಗೂ ಒಂದು ಮಾತೂ ಆಡಲಿಲ್ಲವಂತೆ. ಸಂಗಪ್ಪ ನನ್ನನ್ನು ಹಿಡಿದು ಕೇಳಿದ. "ಏನಲೇ, ನಮ್ಮವ್ವನ ಮ್ಯಾಲೆ ಇಷ್ಟ್ಯಾಕ ಪ್ರೀತಿ ಉಕ್ಕೇರೇತಿ?" ನಾನು ಹಲ್ಲು ಕಿರಿದೆ.

ಮತದಾನಕ್ಕೆ ಇನ್ನೇನು ಕೆಲವೇ ದಿನ ಇರುವಾಗ, ಬೆಳಿಗ್ಗೆ ನಾನು ಹಾದುಹೋದಾಗ ಕಂಡಿಗೆ ಸುತ್ತುವ ರಾಟಿ ಒಂದೇ ಇತ್ತು. ಒಳಗಿನಿಂದ ಹೆಂಗಸರ ದನಿ ಕೇಳಿತು. ನಿದ್ದೆಯಲ್ಲೇ ಹೋಗಿದ್ದಳು. ಕೈಕಾಲು ಆಡುವಾಗಲೇ ಹೋಗಿದ್ದಳು. ನನ್ನ ಬಾಯಿಪಾಠದ ಮಾತು ಆಡದೆ ಮೊದಲ ಸಲ ಸತ್ತ ಮನೆಯ ಹೊಸ್ತಿಲಿನಿಂದ ತಿರುಗಿದೆ.

ಗಿರಣಿಗೆ ಓಡಿದೆ. ಸದ್ದು ಆಗಲೇ ನಿಂತಿತ್ತು. ಮಾಮಾ ಬಾಗಿಲು ಹಾಕಿಕೊಂಡಿರಲಿಲ್ಲ. ಚೀಲದ ಮೇಲೆ ಕೂತಿದ್ದರು. ಕಣ್ಣು ಆಗಲೇ ಕೆಂಪು.

"ಮಾಮಾ, ಹದಿನೇಳರ ಮಗ್ಗಿ ಬರ್ತದೇನ್ರಿ?" ಎಂದೆ.

"ಏನು?"

"ಹದಿನೇಳರ ಮಗ್ಗಿ. ಅಳು ಬಂದ್ರ ಮನಸಿನ್ಯಾಗ ಅನ್ನಕೋತ ಇರ್ರಿ. ಆಯಿ ಮಾರಿ ನೋಡಬ್ಯಾಡ್ರಿ. ದೂರದ ಗಿಡಾ ನೋಡ್ರಿ. ಒಂದು ಹಿಡಿ ಮಣ್ಣು ಹಾಕೂದು, ಕೈ ಮುಗಿಯೂದು, ಬರೂದು. ಗಳಿಗಿ ಕೆಲಸ."

ಮಾಮಾ ಶಾಲೆಯ ಹುಡುಗನಂತೆ ತಲೆಯಾಡಿಸಿದರು. ಅಕ್ಕ ದೇವರ ಮುಂದೆ ದೀಪ ಹಚ್ಚಿಟ್ಟಳು. ಮುಖ ತೊಳೆದುಕೊಳ್ಳಿ ಎಂದು ಹೇಳಲು ನಮಗಿಬ್ಬರಿಗೂ ಹೊಳೆಯಲಿಲ್ಲ.

ಗಿರಣಿ ಮಲ್ಲಪ್ಪ ಮಣ್ಣಿಗೆ ಬಂದಿದ್ದಾನೆ ಎಂಬ ಸುದ್ದಿ ಹೆಣಕ್ಕಿಂತ ಮುಂದೆ ಹೋಯಿತು. ಮಾಳಿಗೆಯ ಮೇಲೆ ನಿಂತು ನೋಡಿದವರೂ ಇದ್ದರು. ಮಾಮಾ ನನ್ನ ಪಕ್ಕದಲ್ಲೇ ನಡೆಯುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು. ಹದಿನೇಳ ಮೂರಲೆ ಐವತ್ತೊಂದು, ಹದಿನೇಳ ನಾಕಲೆ ಅರವತ್ತೆಂಟು. ಮುಂದೆ ನಡೆಯುತ್ತಿದ್ದವರೊಬ್ಬರು ತಿರುಗಿ ನೋಡಿ, ವಚನ ಅನ್ನುತ್ತಿದ್ದಾರೆಂದು ತಿಳಿದು ಕೈ ಮುಗಿದರು. ನನಗೆ ಧೈರ್ಯ ಬಂತು. ಕುಣಿಯವರೆಗೂ ಮಗ್ಗಿ ನಡೆಯಿತು. ಗುತ್ತಿಗೆದಾರ ಮೊದಲ ಹಿಡಿ ಮಣ್ಣು ಹಾಕಿ, ಕೈ ಝಾಡಿಸಿ, ಅಚ್ಚುಕಟ್ಟಾಗಿ ನಮಸ್ಕಾರ ಮಾಡಿ ಹಿಂದೆ ಸರಿದ. ಆ ಕೆಲಸದಲ್ಲಿ ಅವನ ಕೈಚಳಕ ನೋಡಿ ನನಗೇ ಮೆಚ್ಚಿಗೆಯಾಯಿತು. ಆಮೇಲೆ ಯಾರೋ, "ಮಲ್ಲಪ್ಪನಾರಿಗಿ ದಾರಿ ಬಿಡ್ರಿ," ಎಂದರು.

ಮಾಮಾ ಬಾಗಿ ಮಣ್ಣು ತುಂಬಿಕೊಂಡರು. ಕೈ ಮುಂದೆ ಹೋಯಿತು. ಮುಷ್ಟಿ ಬಿಚ್ಚಲಿಲ್ಲ. "ಹದಿನೇಳ ಐದಲೆ..." ಎಂದು ಈಗ ಎಲ್ಲರಿಗೂ ಕೇಳುವಂತೆ ಅಂದರು. "ಹದಿನೇಳ ಐದಲೆ..." ಮತ್ತೆ ಅಂದರು. ಆಮೇಲೆ ಅಲ್ಲೇ ಕುಸಿದು ಕೂತು, "ಯವ್ವಾ, ಎಲ್ಲಿ ಹೋದ್ಯವ್ವಾ!" ಎಂದು ಬಾಯಿ ತೆಗೆದರು.

ಬೇವೂರಿನ ಅಳುವೇ. ಇಷ್ಟು ವರ್ಷ ಒಳಗಿಟ್ಟದ್ದೂ ಸೇರಿತ್ತೋ ಏನೋ, ಅದಕ್ಕಿಂತ ದೊಡ್ಡದೇ. ಹಿಟ್ಟು ಬಳಿದ ಮುಖದ ಮೇಲೆ ಕಣ್ಣೀರು ಇಳಿದು ಎರಡು ಕಪ್ಪು ಗೆರೆ ಮೂಡಿದವು. ಹೆತ್ತ ಮಗ ಸಂಗಪ್ಪ ಅಷ್ಟು ಹೊತ್ತು ಅಳುತ್ತಿದ್ದವನು ಬೆರಗಾಗಿ ಅಳು ನಿಲ್ಲಿಸಿದ. ನಾನು ಮಾಮಾನ ಕಂಕುಳಿಗೆ ಕೈ ಹಾಕಿ ಎಬ್ಬಿಸಲು ನೋಡಿದೆ. ನನ್ನನ್ನೂ ತಬ್ಬಿಕೊಂಡು ಅತ್ತರು. ಹಿಂದಿನಿಂದ ಒಂದು ಸಣ್ಣ ದನಿ ಬಂತು. "ವೋಟಿನ ಸಲುವಾಗಿ ಎಷ್ಟು ಚಂದ ಅಳತಾನ ನೋಡ್ರಿ. ಮಾರಿಗಿ ಪೌಡರ್ ಬ್ಯಾರೆ ಬಡಕೊಂಡು ಬಂದಾನ." ಯಾರೋ ನಕ್ಕರು. ನಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತು. ಹೆಣದ ಮುಂದೆ ನಗುವುದು ನಮ್ಮಲ್ಲಿ ಬಹಳ ಕೆಟ್ಟದ್ದು. ಅದರ ಪಾಪವೂ ಮಾಮಾನ ಲೆಕ್ಕಕ್ಕೇ ಬಿತ್ತು.

ಸಂಗಪ್ಪ ನನ್ನ ಹತ್ತಿರ ಬಂದ. ದನಿ ಏರಿಸಲಿಲ್ಲ. "ಕರಕೊಂಡು ಹೋಗು. ನಮ್ಮವ್ವನ ಹೆಣದ ಮ್ಯಾಲೆ ವೋಟು ಕೇಳಬ್ಯಾಡ್ರಿ. ಅಕಿ ಇದನ್ನ ಕೇಳಿದ್ದಿಲ್ಲ."

ಆ ಸಂಜೆ ಅಕ್ಕ ಆಣೆ ಬಿಡಿಸಿದಳು. "ಎಲ್ಲಾ ಹೇಳು," ಎಂದಳು. "ಬೇವೂರಿನದೂ ಹೇಳು, ಗಿರಣಿ ಬಾಗಲಾದೂ ಹೇಳು." ನಾನು ಮನೆಮನೆಗೆ ಹೋಗಿ ಹೇಳಿದೆ. ಇಂದಿನವರೆಗೂ ನನ್ನ ಬಾಯಿಂದ ಅಷ್ಟು ನಿಜ ಒಂದೇ ದಿನ ಹೊರಬಿದ್ದದ್ದಿಲ್ಲ. ಬಣ್ಣ ಬಿಡುವ ಸೀರೆಯನ್ನು ಬಣ್ಣ ಬಿಡುವುದಿಲ್ಲ ಎಂದಾಗ ನಂಬಿದ ಜನ ಈಗ ನಂಬಲಿಲ್ಲ. "ಹೌದೇನ್ರಿ?" ಎಂದರು. "ಇಷ್ಟು ವರ್ಷ ಯಾರ ಮಣ್ಣಿಗೂ ಬರಲಾರದವಗ ಇಲೆಕ್ಷನ್ ಬಂದ ಕೂಡ್ಲೆ ದುಃಖ ಉಕ್ಕೇರೇತಿ ಅನ್ರಿ." ಮಗ್ಗ ಮತ್ತೆ ಎಂದಿನಂತೆ ನಡೆಯುತ್ತಿದ್ದವು. ಚಹಾ ಮಾತ್ರ ಬಿಡಲಿಲ್ಲ. ಆ ದಿನ ನಾನು ಕುಡಿದ ಚಹಾಕ್ಕೆ ನಿದ್ದೆ ಬರದಿದ್ದರೆ ಆಶ್ಚರ್ಯವಲ್ಲ, ಆದರೆ ನಿದ್ದೆ ಬಾರದ್ದು ಚಹಾದಿಂದಲ್ಲ.

ಮಾಮಾ ಬಿದ್ದುಹೋದರು. ಎಷ್ಟು ಮತದಿಂದ ಎಂದು ಹೇಳಲಾರೆ. ಬಿದ್ದವರ ಮನೆಯವರು ಅದನ್ನು ಕೇಳಿಸಿಕೊಳ್ಳುವುದಿಲ್ಲ. ಗುತ್ತಿಗೆದಾರನ ಮೆರವಣಿಗೆ ಗಿರಣಿಯ ಮುಂದೆ ಬಹಳ ಹೊತ್ತು ನಿಂತು ಗುಲಾಲು ಹಾರಿಸಿತು. ಮಾಮಾ ಒಳಗೆ ಯಾರದೋ ಸಜ್ಜೆ ಬೀಸುತ್ತಿದ್ದರು. ನಾನು ಸಮಾಧಾನ ಹೇಳಲು ಹೋದೆ. ಸತ್ತ ಮನೆಗೆ ಹೇಳುವ ಮಾತುಗಳೇ ಬಾಯಿಗೆ ಬಂದವು. "ಬಿಡೋ," ಎಂದರು ಮಾಮಾ. "ಆಯಿಗಿ ಬರ್ತೇನಿ ಅಂದಿದ್ದೆ. ಹೋಗಿ ಬಂದೆ." ಅಕ್ಕ ಹೊಸ ಸೀರೆಯನ್ನು ಮಡಿಸಿ ಟ್ರಂಕಿನಲ್ಲಿಟ್ಟಳು. ನಳಕ್ಕೆ ನೀರು ಬರಲಿಲ್ಲ, ಅದನ್ನು ಬೇರೆ ಹೇಳಬೇಕಾಗಿಲ್ಲ.

ಅದಾದ ಮೇಲೆ ಓಣಿಯಲ್ಲಿ ಯಾರು ಸತ್ತರೂ ಗಿರಣಿಯ ಬಾಗಿಲು ಮೊದಲಿನಂತೆ ಮುಚ್ಚುತ್ತಿತ್ತು. "ನೋಡಿದ್ರಿ?" ಎಂದಿತು ಓಣಿ. "ಇಲೆಕ್ಷನ್ ಮುಗೀತು, ಅಳೂದೂ ಮುಗೀತು." ಮೊದಲು ಬರೀ ಸೊಕ್ಕಿನವ ಎನ್ನುತ್ತಿದ್ದರು. ನಾನು ಊರೆಲ್ಲ ತಿರುಗಿ ಪ್ರಚಾರ ಮಾಡಿದ ಫಲವಾಗಿ ಈಗ ನಾಟಕದವ ಎಂಬುದೂ ಸೇರಿತು. ಅಕ್ಕ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ರೊಟ್ಟಿ ಹಾಕಿ ತಲೆ ತಗ್ಗಿಸಿ ಕೂಡುತ್ತಿದ್ದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕೆಲವು ವರ್ಷಗಳ ಮೇಲೆ ಮಾಮಾ ಗಿರಣಿಯಲ್ಲೇ ಚೀಲಕ್ಕೆ ಒರಗಿ ಕೂತವರು ಹಾಗೇ ಹೋದರು. ನಾನು ಬಾದಾಮಿಯಲ್ಲಿದ್ದೆ. ಸುದ್ದಿ ಮುಟ್ಟಿ, ಬಸ್ಸು ಹಿಡಿದು ಬರುವಾಗ ದಾರಿಯುದ್ದಕ್ಕೂ ಒಂದೇ ಹೆದರಿಕೆ. ಯಾರ ಮಣ್ಣಿಗೂ ಹೋಗದವನ ಮಣ್ಣಿಗೆ ಯಾರು ಬರುತ್ತಾರೆ? ಹೆಗಲು ಕೊಡಲು ನಾಲ್ಕು ಜನ ಸಾಲದೆ ಹೋದರೆ ಅಕ್ಕ ಅದನ್ನು ಹೇಗೆ ತಾಳಿಕೊಂಡಾಳು? ಓಣಿಯ ಬಾಯಿಗೆ ಬಂದು ನೋಡಿದರೆ ಒಳಗೆ ಹೋಗಲು ದಾರಿಯಿಲ್ಲ. ಎಲ್ಲ ಮಗ್ಗ ನಿಂತಿದ್ದವು. ಗಂಡಸರು, ಹೆಂಗಸರು, ಬುಟ್ಟಿ ಹೊತ್ತು ಗಿರಣಿಗೆ ಬರುತ್ತಿದ್ದವರೆಲ್ಲ ಬಂದಿದ್ದರು. ಮುಂದಿನ ಹೆಗಲು ಸಂಗಪ್ಪನದು. ಗುತ್ತಿಗೆದಾರನೂ ಬಂದಿದ್ದ, ಅವನು ಬರದೆ ಇರುತ್ತಾನೆಯೇ. ಇವರಲ್ಲಿ ಅರ್ಧ ಜನ ತಕ್ಕಡಿಗೆ ಮತ ಒತ್ತಿದ್ದರೂ ಮಾಮಾ ಗೆಲ್ಲುತ್ತಿದ್ದರು ಎಂದು, ಹೊತ್ತಲ್ಲದ ಹೊತ್ತಿನಲ್ಲಿ ನನ್ನ ವ್ಯಾಪಾರಿ ಬುದ್ಧಿ ಲೆಕ್ಕ ಹಾಕಿತು. ಬಾಗಿಲಲ್ಲಿ ಅಕ್ಕನ ಸುತ್ತ ಕೂತ ಹೆಂಗಸರು, "ಚಲೋ ಮನಷ್ಯಾ ಇದ್ನವ್ವಾ, ಭಾಳ ಚಲೋ ಮನಷ್ಯಾ," ಎನ್ನುತ್ತಿದ್ದರು. ಸತ್ತವರ ಬಗ್ಗೆ ಎಲ್ಲರೂ ಅನ್ನುವ ಮಾತು ಅದು, ನನಗೆ ಗೊತ್ತು. ಅಕ್ಕನಿಗೂ ಗೊತ್ತಿತ್ತು. ಆದರೂ ಅವಳು ಅಳುವುದನ್ನು ನಿಲ್ಲಿಸಿ ಕೇಳುತ್ತಿದ್ದಳು.

ಕುಣಿಯ ಹತ್ತಿರ ನಾನು ನನ್ನ ಮಾಮೂಲಿ ಜಾಗದಲ್ಲಿ ನಿಂತೆ. ದೂರದ ಗಿಡ ನೋಡಿದೆ. ಹದಿನೇಳೊಂದಲೆ ಹದಿನೇಳು, ಹದಿನೇಳೆರಡಲೆ ಮೂವತ್ನಾಲ್ಕು. ಮಣ್ಣು ಕೈಗೆ ಬಂತು. ಹದಿನೇಳ ಐದಲೆ... ಮುಂದಿನದು ಬರಲಿಲ್ಲ. ಜನ್ಮದಲ್ಲಿ ಎಂದೂ ಮರೆಯದ ಲೆಕ್ಕ ಅಲ್ಲಿ ತಪ್ಪಿತು. ಅಲ್ಲೇ ಕೂತುಬಿಟ್ಟೆ. ನನ್ನ ಬಾಯಿಂದ ಎಂಥ ದನಿ ಬಂತೆಂದರೆ, ಅದು ನನ್ನದೆಂದು ನನಗೇ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಸಂಗಪ್ಪ ಓಡಿಬಂದು ಹಿಡಿದುಕೊಂಡ. ಅವನನ್ನು ತಬ್ಬಿಕೊಂಡು ಅತ್ತೆ.

ನನ್ನ ಬೆನ್ನ ಹಿಂದೆ ಇಬ್ಬರು ಮೆಲ್ಲಗೆ ಮಾತಾಡಿಕೊಳ್ಳುತ್ತಿದ್ದರು.

"ಇವರೂ ಮುನ್ಸಿಪಾಲ್ಟಿಗಿ ನಿಲ್ಲವ್ರದಾರೇನ್ರಿ?"

"ಹಂಗ ಕಾಣಸ್ತದ. ನಿಂತ್ರ ಆರಿಸಿ ಬರ್ತಾರ ತಗೋರಿ, ಎಲ್ಲಾರ ಮಣ್ಣಿಗೂ ಬಂದಾರ."